ಎತ್ತುವ ಕಂಬ, ಇಳಿಸುವ ಕಂಬ

ಹೋದ ಮಾಘಮಾಸದ ಒಂದು ಸಂಜೆ ನಮ್ಮೂರಿನ ನಾಲ್ವರು ಹುಡುಗರು ತಿಪಟೂರಿನ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. ಒಬ್ಬನ ಕೈಯಲ್ಲಿ ರಸೀತಿ ಪುಸ್ತಕವಿತ್ತು. ಊರೆಂದರೆ ತುರುವೇಕೆರೆ ತಾಲ್ಲೂಕಿನ, ತೆಂಗಿನ ತೋಟಗಳ ನಡುವೆ ಹುದುಗಿರುವ ಒಂದು ಸಣ್ಣ ಹಳ್ಳಿ. ಚೈತ್ರದಲ್ಲಿ ಅಲ್ಲಿ ತೇರು.

“ಮೇಷ್ಟ್ರೇ, ಈ ಸಲ ನಮ್ಮ ತೇರು ಪಕ್ಕದೂರಿನದಕ್ಕಿಂತ ಹದಿನೈದು ಅಡಿ ಮೇಲೆ ಹೋಗ್ಬೇಕು. ನೀವೂ ಒಂದಿಷ್ಟು ಕೊಡ್ಬೇಕು” ಎಂದ ಅವರಲ್ಲಿ ಹಿರಿಯ.

“ಕೊಡೋಣ. ಎತ್ತುವವರು ಯಾರೆಂದು ತಿಳಿಯಿತು, ಇಳಿಸುವವರು ಯಾರು?” ಎಂದೆ.

ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿದರು. “ಜಾತ್ರೆ ಮುಗಿದ್ಮೇಲೆ ಬಿಚ್ಚಿದ್ರಾಯ್ತು ಬುಡಿ” ಎಂದನೊಬ್ಬ. “ನಡುವೆ ಗಾಳಿ ಎದ್ದರೆ?” ಎಂದದ್ದಕ್ಕೆ ಉತ್ತರ ಬರಲಿಲ್ಲ.

ಪ್ರಶ್ನೆ ನನ್ನದಾಗಿರಲಿಲ್ಲ. ನಮ್ಮ ದೊಡ್ಡಪ್ಪನದು. ಅದು ನನ್ನ ಬಾಯಿಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

1989ರಲ್ಲಿ ನನಗೆ ಒಂಬತ್ತು ವರ್ಷ. ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಮಹಾಭಾರತ ಬರುತ್ತಿದ್ದ ಕಾಲ. ಊರಿನಲ್ಲಿ ಎರಡೇ ಟೆಲಿವಿಷನ್ ಪೆಟ್ಟಿಗೆಗಳು. ಒಂದು ನಮ್ಮ ದೊಡ್ಡಪ್ಪನ ಮನೆಯಲ್ಲಿ, ಇನ್ನೊಂದು ನೆರೆಮನೆಯಲ್ಲಿ. ಬಯಲುಸೀಮೆಯ ಬೇರೆ ಊರುಗಳಲ್ಲಾದರೆ ಹೆಂಚಿನ ಮೇಲೆ ಹತ್ತಡಿಯ ಕೊಳವೆ ನೆಟ್ಟು ಆಂಟೆನಾ ಕಟ್ಟಿದರೆ ಸಾಕು. ನಮ್ಮಲ್ಲಿ ಹಾಗಲ್ಲ. ಮನೆಯ ಸುತ್ತಲೂ ತೆಂಗು. ಅದರ ಗರಿಗಳು, ಅದರಲ್ಲಿಯೂ ಮಳೆಯಲ್ಲಿ ನೆನೆದ ಗರಿಗಳು, ಗಾಳಿಯಲ್ಲಿ ಬರುವ ಅಲೆಗಳನ್ನು ನಡುವೆಯೇ ಕುಡಿದುಬಿಡುತ್ತವೆ. ಕೃಷ್ಣ ಅರ್ಜುನರಿಬ್ಬರೂ ಬೂದಿ ಎರಚಿದ ಹಾಗೆ ಕಾಣುತ್ತಾರೆ. ಆದ್ದರಿಂದ ಆಂಟೆನಾ ಮರಗಳ ತಲೆಯನ್ನಾದರೂ ಮುಟ್ಟಬೇಕು.

ದೊಡ್ಡಪ್ಪ ಊರಿನ ಕುಲುಮೆಯ ಆಚಾರ್ರನ್ನು ಕರೆಸಿದರು. ಎರಡಂಗುಲ, ಒಂದೂವರೆ ಅಂಗುಲ, ಒಂದಂಗುಲದ ಮೂರು ಜಿ.ಐ. ಪೈಪುಗಳು ಬಂದವು. ಒಂದರೊಳಗೊಂದು ಸೇರುವಂಥವು, ಹೊರಗೆಳೆದರೆ ಉದ್ದ, ಒಳಕ್ಕೆ ತಳ್ಳಿದರೆ ಗಿಡ್ಡ. ಎಳೆದಾಗ ಒಳಗಿನ ಕೊಳವೆಯ ಎರಡು ಮೊಳದಷ್ಟಾದರೂ ಹೊರಗಿನದರಲ್ಲಿ ಉಳಿಯಬೇಕು, ಅಲ್ಲಿ ಅಡ್ಡಲಾಗಿ ಎರಡು ಬೋಲ್ಟು ಹಾಕಬೇಕು ಎಂದು ಆಚಾರ್ರು ಕಟ್ಟಪ್ಪಣೆ ಮಾಡಿದರು. ಬುಡಕ್ಕೆ ಕಾಂಕ್ರೀಟು ಹಾಕಲು ಮಾತ್ರ ಒಪ್ಪಲಿಲ್ಲ. ಬಾವಿಯ ಬಳಿ ಹಾಳುಬಿದ್ದಿದ್ದ ಹಳೆಯ ಏತದ ಎರಡು ಕಲ್ಲುಗಂಬಗಳನ್ನು ಗಾಡಿಯಲ್ಲಿ ತರಿಸಿ ಅಂಗಳದಲ್ಲಿ ನೆಟ್ಟರು. ಅವುಗಳ ನಡುವೆ ಕಬ್ಬಿಣದ ಅಚ್ಚು. ಆ ಅಚ್ಚಿನ ಮೇಲೆ ಕಂಬದ ಬುಡ. ಕಂಬ ಏತದ ಹಾಗೆಯೇ ಏಳುತ್ತಿತ್ತು, ಏತದ ಹಾಗೆಯೇ ಒರಗುತ್ತಿತ್ತು.

ಮಲಗಿದ ಕಂಬವನ್ನು ಎತ್ತುವುದರಲ್ಲಿ ಒಂದು ಗುಟ್ಟಿದೆ. ತುದಿಗೆ ಹಗ್ಗ ಕಟ್ಟಿ ನೆಲದ ಮೇಲೆ ನಿಂತು ಎಳೆದರೆ ಅದು ಏಳುವುದಿಲ್ಲ. ಹಗ್ಗ ಕಂಬದ ಉದ್ದಕ್ಕೇ ಹೋಗುವುದರಿಂದ ಎಳೆತವೆಲ್ಲ ಬುಡದ ಕಡೆಗೆ ಸಲ್ಲುತ್ತದೆಯೇ ಹೊರತು ಮೇಲಕ್ಕಲ್ಲ. ಆಚಾರ್ರು ಬುಡದ ಬಳಿ, ಕಂಬಕ್ಕೆ ನೇರ ಅಡ್ಡವಾಗಿ, ಹತ್ತು ಹನ್ನೆರಡು ಅಡಿಯ ಒಂದು ಬಿದಿರನ್ನು ನಿಲ್ಲಿಸಿ ಬಿಗಿದು, ಹಗ್ಗವನ್ನು ಅದರ ತುದಿಯ ಮೇಲಿಂದ ಹಾಯಿಸಿದರು. ಬಿದಿರು ನೆಲಕ್ಕೆ ಬಾಗುತ್ತ ಬಂದ ಹಾಗೆ ಕಂಬ ನೆಲ ಬಿಟ್ಟು ಏಳುತ್ತ ಹೋಯಿತು. ಇನ್ನೊಂದು ಗುಟ್ಟು ಸ್ಟೇ ತಂತಿಯದು. ನಾಲ್ಕು ಕಡೆಯ ತಂತಿಗಳಲ್ಲಿ ಎಡಬಲದ ಎರಡರ ಗೂಟಗಳು ಅಚ್ಚಿನ ನೇರಕ್ಕೇ ಇರಬೇಕು. ಹಾಗಿದ್ದರೆ ಕಂಬ ಮಲಗಿರಲಿ, ನಿಂತಿರಲಿ, ಅರ್ಧದಲ್ಲಿರಲಿ, ಆ ಎರಡು ತಂತಿಗಳು ಸಡಿಲವಾಗುವುದಿಲ್ಲ. ಕಂಬ ಪಕ್ಕಕ್ಕೆ ಹೊರಳುವುದಿಲ್ಲ. ಯಾವ ಪುಸ್ತಕವನ್ನೂ ಓದದ ಆಚಾರ್ರು ಗೂಟಗಳ ಜಾಗವನ್ನು ದಾರ ಹಿಡಿದು ಗುರುತು ಮಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೆರೆಮನೆಯವರು ಇಷ್ಟು ಗೋಜಿಗೆ ಹೋಗದೆ ಕೊಳವೆಯ ಬುಡಕ್ಕೆ ಕಾಂಕ್ರೀಟು ಸುರಿದು ಗಟ್ಟಿಯಾಗಿ ನಿಲ್ಲಿಸಿದರು. ನಮ್ಮದಕ್ಕಿಂತ ಅದು ಎತ್ತರ, ಚಿತ್ರವೂ ನಿಚ್ಚಳ. ನಮಗೆಲ್ಲ ಹೊಟ್ಟೆಕಿಚ್ಚು. ಮರುವರ್ಷ ಭರಣಿ ಮಳೆಯ ಒಂದು ಸಂಜೆ ದೊಡ್ಡಪ್ಪನ ನಡುಮನೆಯಲ್ಲಿ ಮೂವತ್ತು ಜನ ಕೂತು ಚಲನಚಿತ್ರ ನೋಡುತ್ತಿದ್ದಾಗ, ಕಥೆ ಬಿಗಿಗೊಂಡ ಹೊತ್ತಿಗೆ ಸರಿಯಾಗಿ ಪರದೆಯ ತುಂಬ ಇರುವೆ ಹರಿದಾಡಿದಂತಾಯಿತು. ದೊಡ್ಡಪ್ಪ ಅಂಗಳಕ್ಕೆ ಹೋಗಿ ಕಂಬ ಇಳಿಸುತ್ತಿದ್ದರು. ಎಲ್ಲರೂ ಗೊಣಗಿದರು. ಅರ್ಧ ಗಂಟೆಯೊಳಗೆ ಗಾಳಿ ಎದ್ದಿತು. ನೆರೆಮನೆಯ ಕಂಬ ನಡುವೆ ಮುರಿದು ಅವರ ಕೊಟ್ಟಿಗೆಯ ಹೆಂಚಿನ ಮೇಲೆ ಬಿತ್ತು. ಒಳಗೆ ಕಟ್ಟಿದ್ದ ಎಮ್ಮೆಯ ಬೆನ್ನು ಕಿತ್ತುಹೋಯಿತು. ಎಮ್ಮೆಯಿಂದ ಎರಡು ಮಾರು ಈಚೆಗೆ ಆ ಮನೆಯ ಅಜ್ಜಿ ಕೂತಿದ್ದರು.

ದೊಡ್ಡಪ್ಪ ಆಗ ಹೆಚ್ಚು ಮಾತಾಡಲಿಲ್ಲ. “ಎತ್ತಾಕೆ ಹತ್ತು ಜನದ ಜೋರು ಸಾಕು ಮಗಾ. ಇಳಿಸಾಕೆ ಒಬ್ಬನ ಬುದ್ಧಿ ಬೇಕು” ಎಂದಿಷ್ಟೇ ಹೇಳಿದರು.

ಆ ಮಾತನ್ನು ಹಿಡಿದು ಹಿಂದಕ್ಕೆ ಹೋದರೆ ನಮ್ಮ ನಾಡಿನ ಎತ್ತಿಳಿಸುವ ಕಂಬಗಳಿಗೆ ಒಂದು ವಂಶಾವಳಿಯೇ ಸಿಕ್ಕುತ್ತದೆ. ಅದರ ಮೂಲಪುರುಷ ಏತವೆಂದೇ ನನ್ನ ಎಣಿಕೆ. ನೆಟ್ಟ ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ತೂಗುವ ಮರ, ಒಂದು ತುದಿಯಲ್ಲಿ ಬಾವಿಗಿಳಿಯುವ ಬಿದಿರು ಮತ್ತು ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ದೊಡ್ಡ ಏತವಾದರೆ ಭಾರದ ಬದಲು ಮರದ ಮೇಲೆಯೇ ಹಿಂದಕ್ಕೂ ಮುಂದಕ್ಕೂ ನಡೆಯುವ ಆಳು. ನಮ್ಮ ಏತವೂ ತಮಿಳರ ಏಟ್ರವೂ ‘ಏರು’ ಎಂಬ ಮಾತಿನ ಮನೆಯವೇ. ಈಜಿಪ್ಟಿನ ನೈಲ್ ನದಿಯ ದಡದಲ್ಲಿ ಇದೇ ಯಂತ್ರ ಸಾವಿರಾರು ವರ್ಷಗಳಿಂದ ‘ಶಾದೂಫ್’ ಎಂಬ ಹೆಸರಿನಿಂದ ನೀರೆತ್ತಿದೆ. ಏತದ ಹಿರಿಮೆ ಎತ್ತುವುದರಲ್ಲಿ ಮಾತ್ರ ಇಲ್ಲ. ಅದು ಎಷ್ಟು ಸಲ ಏರುತ್ತದೆಯೋ ಅಷ್ಟು ಸಲ ಇಳಿಯುತ್ತದೆ. ಇಳಿಯುವ ಭಾರವೇ ಏರುವುದಕ್ಕೆ ನೆರವಾಗುತ್ತದೆ.

ಎರಡನೆಯದು ಗಳೆ. ಹಳಗನ್ನಡದಲ್ಲಿ ಗೞೆ ಎಂದರೆ ಬಿದಿರಿನ ಕೋಲು. ಶಾಸನಗಳಲ್ಲಿ ಗದ್ದೆ ಬೆದ್ದಲುಗಳನ್ನು ಅಳೆಯುವ ಕೋಲಿಗೂ ಅದೇ ಹೆಸರು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಲ್ಲುಗಂಬವೊಂದಿದೆ. ಆ ಸೀಮೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆ ಬರುತ್ತದೆ. ನಿಂತ ಕಂಬದ ಹೆಸರು ಹೊತ್ತು ತಿರುಗುವ ಕೋಲಿಗೆ ಬಂದ ಬಗೆ ಇದು. ನಮ್ಮ ತೋಟಗಳಲ್ಲಿ ಈ ಗಳೆಯ ತುದಿಗೆ ಕುಡುಗೋಲು ಕಟ್ಟಿದರೆ ಅದು ದೋಟಿಯಾಗುತ್ತದೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿಗೆ ಕಾಯಿ ಮರದಲ್ಲಿ ಚೆನ್ನಾಗಿ ಬಲಿಯಬೇಕು. ಕಿತ್ತ ಮೇಲೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗುಡುಗುಡು ಎನ್ನಬೇಕು. ಆ ಕಾಯಿಯನ್ನು ನೆಲದಲ್ಲಿ ನಿಂತೇ ಮುಟ್ಟಲು ಒಂದು ಬಿದಿರು ಸಾಲದಿದ್ದಾಗ ರೈತ ಎರಡನ್ನು ಜೋಡಿಸಿ ಕಟ್ಟಿದ. ದೊಡ್ಡಪ್ಪನ ಮೂರು ಪೈಪುಗಳು ಆ ಜೋಡು ಬಿದಿರಿನ ಮೊಮ್ಮಕ್ಕಳು.

ಮೂರನೆಯದು ನಂದಿಧ್ವಜ. ಇದು ಯಾವ ಗುಂಡಿಯಲ್ಲಿಯೂ ನಿಲ್ಲುವುದಿಲ್ಲ. ಮನುಷ್ಯನ ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ನಿಲ್ಲುತ್ತದೆ. ಹಿತ್ತಾಳೆಯ ಬಿಲ್ಲೆಗಳನ್ನೂ ಛತ್ರಿಯನ್ನೂ ಹೊತ್ತ ಉದ್ದನೆಯ ಬಿದಿರನ್ನು ಒಬ್ಬನೇ ಕುಣಿಸುತ್ತಾನೆ. ಮೈಸೂರಿನ ವಿಜಯದಶಮಿಯ ಮೆರವಣಿಗೆ ಇದರ ಪೂಜೆಯಿಂದಲೇ ತೊಡಗುತ್ತದೆ. ನೋಡುವವರ ಕಣ್ಣೆಲ್ಲ ಮೇಲಿನ ಛತ್ರಿಯ ಮೇಲೆ. ಕುಣಿಸುವವನ ಲಕ್ಷ್ಯವೆಲ್ಲ ಪಾದದ ಮೇಲೆ. ತುದಿ ಯಾವ ಕಡೆಗೆ ಒರಗಿತೋ ಆ ಕಡೆಗೆ ಬುಡವನ್ನು ಸರಿಸುವುದೇ ಅವನ ವಿದ್ಯೆ.

ಇನ್ನು ತೇರು. ಎಡೆಯೂರಿನ ಸಿದ್ಧಲಿಂಗೇಶ್ವರನ ತೇರನ್ನಾಗಲಿ ನಮ್ಮ ಸುತ್ತಿನ ಯಾವ ಊರಿನ ತೇರನ್ನಾಗಲಿ ಜಾತ್ರೆಗೆ ಒಂದು ವಾರ ಮೊದಲು ಹೋಗಿ ನೋಡಬೇಕು. ಕೆಳಗಿನ ಗಾಲಿ, ಅಚ್ಚು, ಕೆತ್ತನೆಯ ಅಡ್ಡೆ ಇವೆಲ್ಲ ದಪ್ಪ ಮರದವು, ವರ್ಷವಿಡೀ ಇರುವಂಥವು. ಮೇಲಿನ ಗೋಪುರ ಹಾಗಲ್ಲ. ಗಳುಗಳನ್ನು ಹಗ್ಗದಲ್ಲಿ ಕಟ್ಟಿ, ಬಣ್ಣದ ಬಟ್ಟೆ ಸುತ್ತಿ ಎಬ್ಬಿಸಿದ್ದು, ಜಾತ್ರೆ ಕಳೆದರೆ ಬಿಚ್ಚಿ ಒಳಗಿಡುವಂಥದ್ದು. ಭಾರವೆಲ್ಲ ಕೆಳಗೆ, ಹಗುರವೆಲ್ಲ ಮೇಲೆ. ಮೊಳೆ ಹೊಡೆಯದೆ ಹಗ್ಗದಲ್ಲಿ ಕಟ್ಟುವುದರಲ್ಲಿಯೂ ಅರ್ಥವಿದೆ: ಗಾಲಿ ಕಲ್ಲಿನ ಮೇಲೆ ಹತ್ತಿ ಧಡಕ್ಕನೆ ಇಳಿದಾಗ ಕಟ್ಟು ತುಸು ಜಗ್ಗುತ್ತದೆ, ಗೋಪುರ ತೊನೆಯುತ್ತದೆ, ಮುರಿಯುವುದಿಲ್ಲ. ಗೋಪುರವನ್ನು ಮಡಿಸಿ ಎತ್ತಿಟ್ಟು ಮರುವರ್ಷ ಮತ್ತೆ ಎಬ್ಬಿಸುವ ಈ ಕಸಬನ್ನು ನಮ್ಮವರು ಎಂಜಿನಿಯರಿಂಗ್ ಎಂದು ಕರೆಯಲಿಲ್ಲ. ತೇರು ಕಟ್ಟುವುದು ಎಂದರು.

ಎತ್ತರಕ್ಕಾಗಿ ಹೆಣಗಿದವರು ನಾವಷ್ಟೇ ಅಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆದನು. ಭರತಖಂಡದ ಮಹಾ ತ್ರಿಕೋನ ಮಾಪನಕ್ಕೆ ಅದು ನಾಂದಿ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡವನ್ನು ನೋಡಿ ಕೋನ ಅಳೆಯುವುದು ಅವನ ಕ್ರಮ. ಗುಡ್ಡಗಳಿರುವ ಮೈಸೂರು ಸೀಮೆಯಲ್ಲಿ ಕೆಲಸ ಸಲೀಸು. ಕಾವೇರಿಯ ಬಯಲಿಗೆ ಇಳಿದಾಗ ಗುಡ್ಡವಿಲ್ಲ, ಎಲ್ಲೆಲ್ಲಿಯೂ ಮರಗಳು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಮೇಲಕ್ಕೆ ಅರ್ಧ ಟನ್ ತೂಕದ ತನ್ನ ಥಿಯೊಡೊಲೈಟನ್ನು ಏರಿಸುತ್ತಿದ್ದಾಗ ಹಗ್ಗವೊಂದು ಕಡಿದು, ಯಂತ್ರ ಗೋಡೆಗೆ ಬಡಿದು ಜಖಂಗೊಂಡಿತು. ಅವನು ವಾರಗಟ್ಟಲೆ ಕೂತು ಅದನ್ನು ತಾನೇ ರಿಪೇರಿ ಮಾಡಿದನು. ಅವನ ಬಳಿಕ ಬಂದ ಜಾರ್ಜ್ ಎವರೆಸ್ಟ್ 1830ರ ದಶಕದಲ್ಲಿ ಗಂಗಾ ಯಮುನೆಗಳ ನಡುವಿನ ಬಯಲಿನಲ್ಲಿ ಬಿದಿರಿನ ಅಟ್ಟಣೆಗಳನ್ನೂ ದೀಪ ಹೊತ್ತ ಕಂಬಗಳನ್ನೂ ನಿಲ್ಲಿಸಿ ನೋಡಿ, ಕೊನೆಗೆ ಇಟ್ಟಿಗೆಯ ಗೋಪುರಗಳನ್ನು ಕಟ್ಟಿಸಿದನು.

ಇಟ್ಟಿಗೆಯ ಗೋಪುರ ಭದ್ರ. ಆದರೆ ಹೊತ್ತುಕೊಂಡು ಹೋಗುವಂಥದ್ದಲ್ಲ. ಆ ತೊಡಕನ್ನು ಬಿಡಿಸಿದವನು ಅಮೆರಿಕದ ಜಾಸ್ಪರ್ ಬಿಲ್ಬಿ. 1927ರಲ್ಲಿ ಬಳಕೆಗೆ ಬಂದ ಅವನ ಉಕ್ಕಿನ ಗೋಪುರದಲ್ಲಿ ಒಂದರೊಳಗೊಂದು ನಿಂತ, ಒಂದನ್ನೊಂದು ಮುಟ್ಟದ ಎರಡು ಮುಕ್ಕಾಲಿಗಳು. ಒಳಗಿನದರ ಮೇಲೆ ಯಂತ್ರ, ಹೊರಗಿನದರ ಮೇಲೆ ನೋಡುವ ಮನುಷ್ಯ. ಅವನ ಕಾಲಿನ ಅಲುಗಾಟ ಯಂತ್ರಕ್ಕೆ ತಟ್ಟುವುದಿಲ್ಲ. ಕೆಲಸ ಮುಗಿದೊಡನೆ ಬೋಲ್ಟು ಬಿಚ್ಚಿ, ಲಾರಿಗೆ ಹೇರಿ, ಮುಂದಿನ ಠಾಣ್ಯದಲ್ಲಿ ಮತ್ತೆ ಎಬ್ಬಿಸುವರು. ನಮ್ಮ ತೇರು ಕಟ್ಟುವವರು ಇದನ್ನು ನೋಡಿದ್ದರೆ ಬೆರಗಾಗುತ್ತಿರಲಿಲ್ಲ, ತಲೆದೂಗುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದ ಪಾಠ ಮಾರ್ಕೋನಿಯದು. ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂದೇಶ ಕಳುಹಿಸಲೆಂದು ಅವನು ಇಂಗ್ಲೆಂಡಿನ ಪೋಲ್ಡು ಎಂಬಲ್ಲಿ ಸುಮಾರು 200 ಅಡಿ ಎತ್ತರದ 20 ಕಂಬಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿದ್ದನು. ಕಂಬಗಳ ತಲೆಗಳನ್ನು ಒಂದಕ್ಕೊಂದು ಬಿಗಿದಿದ್ದರು. 1901ರ ಸೆಪ್ಟೆಂಬರಿನ ಬಿರುಗಾಳಿಗೆ ಅವೆಲ್ಲ ನೆಲ ಕಂಡವು. ಅದೇ ವರ್ಷದ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಗುಡ್ಡದ ಮೇಲೆ ಅವನ ಕಿವಿಗೆ ಆ ಸಂದೇಶ ಬಂದದ್ದು ಗಾಳಿಪಟವೊಂದು ಎತ್ತಿ ಹಿಡಿದಿದ್ದ ತಂತಿಯ ಮೂಲಕ. ಗಾಳಿ ಕೆಡವಿದ್ದನ್ನು ಗಾಳಿಯೇ ಎತ್ತಿಕೊಟ್ಟಿತು. ಕಂಬ ಗಾಳಿಗೆ ಎದುರು ನಿಂತಿತ್ತು, ಪಟ ಗಾಳಿಯೊಡನೆ ಹೋಗಿತ್ತು.

ಗಾಳಿಯ ಲೆಕ್ಕ ಕಠಿನವಾದದ್ದೇನಲ್ಲ, ಆದರೆ ನಿಷ್ಠುರವಾದದ್ದು. ಗಾಳಿಯ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಮಡಿಯಾಗುತ್ತದೆ. ಗೋಪುರ ಎತ್ತರವಾದಷ್ಟೂ ಬಟ್ಟೆ ಹೊದಿಸಿದ ಮೈ ಹೆಚ್ಚು, ಬುಡವನ್ನು ಮೀಟುವ ಸನ್ನೆಯೂ ಉದ್ದ. ಆದ್ದರಿಂದ ಬುಡವನ್ನು ಅಗಲಿಸದೆ ಎತ್ತರವನ್ನು ಇಮ್ಮಡಿ ಮಾಡಿದರೆ ಅಪಾಯ ಇಮ್ಮಡಿಗೆ ನಿಲ್ಲುವುದಿಲ್ಲ. ಹಗ್ಗ ಹಿಡಿದ ಆಳುಗಳ ತೋಳಿನ ಬಲವಾದರೋ ನಮ್ಮ ತಾತಂದಿರ ಕಾಲದಲ್ಲಿದ್ದಷ್ಟೇ ಇದೆ.

ಬೆಂಗಳೂರಿಗೆ ಸೇರಿದಂತಿರುವ ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಸುತ್ತಿನ ಹಳ್ಳಿಗಳವರು ಕುರ್ಜುಗಳೆಂಬ ಎತ್ತರದ ತೇರುಗಳನ್ನು ಕಟ್ಟಿ, ಎತ್ತುಗಳಿಂದಲೂ ಟ್ರಾಕ್ಟರುಗಳಿಂದಲೂ ಹೊಲದ ಹಾದಿಯಲ್ಲಿ ಅಲ್ಲಿಗೆ ಎಳೆದು ತರುತ್ತಾರೆ. ಇಕ್ಕೆಲದಲ್ಲಿ ಉದ್ದನೆಯ ಹಗ್ಗ ಹಿಡಿದ ನೂರಾರು ಜನ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಬರುತ್ತಾರೆ. ನೋಡಲು ಎರಡು ಕಣ್ಣು ಸಾಲದು. 2024ರ ಏಪ್ರಿಲಿನಲ್ಲಿ ಅಂಥ 100 ಅಡಿ ಮೀರಿದ ಕುರ್ಜೊಂದು ವಾಲಿ ನೆಲಕ್ಕುರುಳಿತು; ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. 2025ರ ಮಾರ್ಚ್ 22ರಂದು ಮಳೆಗಾಳಿಗೆ ಸಿಕ್ಕಿ ಮತ್ತೆ ಕುರ್ಜು ಉರುಳಿದಾಗ ಇಬ್ಬರು ಜೀವ ಬಿಟ್ಟರು. ದೇವಿಯನ್ನು ನೋಡಲು ಬಂದವರು ಅವರು.

ಈ ಮಾತನ್ನು ಜಾತ್ರೆಯನ್ನು ಹಳಿಯಲೆಂದು ಆಡುತ್ತಿಲ್ಲ. ತೇರಿಲ್ಲದ ಊರು ಊರಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ನಮ್ಮ ಹಿರಿಯರ ಕಸಬಿನಲ್ಲಿ ಎತ್ತರವೊಂದೇ ಇರಲಿಲ್ಲ. ಬಾಗುವ ಬಿದಿರು, ಜಗ್ಗುವ ಕಟ್ಟು, ಬಿಚ್ಚಿಡುವ ಗೋಪುರ, ಇಳಿಯುವ ಏತ ಇವೆಲ್ಲ ಇದ್ದವು. ನಾವು ಅದರಿಂದ ಎತ್ತರವನ್ನು ಮಾತ್ರ ಎತ್ತಿಕೊಂಡೆವು. ಹೊಸ ಸಾಮಗ್ರಿ ಬಂದಾಗಲೂ ಎಚ್ಚರ ಹಿಂದೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಕರಾವಳಿ ಮಲೆನಾಡುಗಳ ಅಡಕೆ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ದುರ್ಬೀನಿನ ಹಾಗೆ ಒಂದರೊಳಗಿಂದ ಒಂದು ಹೊರಬರುತ್ತವೆ. ನೆಲದಲ್ಲಿ ನಿಂತೇ ಗೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಮರ ಹತ್ತಿ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡಿರುವ ನಮಗೆ ಅದು ದೊಡ್ಡ ಉಪಕಾರ. ಆದರೆ ಒಣಬಿದಿರಿನಂತಲ್ಲ ಅದು. ಅದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ತೋಟದ ಮೇಲೆ ಹಾದುಹೋದ ಕರೆಂಟಿನ ತಂತಿಗೆ ದೋಟಿಯ ತುದಿ ತಾಗಿದರೆ ಹಿಡಿದವನ ಗತಿ ಮುಗಿಯಿತು. ತುದಿಯನ್ನು ನೋಡುವ ಮೊದಲು ಅದು ಯಾವ ಕಡೆಗೆ ಒರಗೀತೆಂದು ನೋಡಬೇಕು.

ಇದನ್ನೆಲ್ಲ ಆ ಸಂಜೆ ಹುಡುಗರಿಗೆ ನಾನು ಇಷ್ಟು ವಿಸ್ತಾರವಾಗಿ ಹೇಳಲಿಲ್ಲ. ದೊಡ್ಡಪ್ಪನ ಕಂಬದ ಕಥೆ ಹೇಳಿದೆ. ಹುಸ್ಕೂರಿನ ಸುದ್ದಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಮೊಬೈಲಿನಲ್ಲಿ ನೋಡಿದ್ದರು. ಚಂದಾ ಬರೆದುಕೊಟ್ಟೆ. ಕಾಫಿ ಕುಡಿದು ಹೋದರು.

ಚೈತ್ರದಲ್ಲಿ ಊರಿಗೆ ಹೋದೆ. ತೇರು ಹಿಂದಿನ ವರ್ಷದಷ್ಟೇ ಎತ್ತರವಿತ್ತು. ಆದರೆ ಮೇಲಿನ ಮೂರನೆಯ ಒಂದು ಪಾಲನ್ನು ಬೇರೆಯಾಗಿ, ಸ್ವಲ್ಪ ಕಿರಿದಾಗಿ ಕಟ್ಟಿದ್ದರು. ಅದು ಕೆಳಗಿನ ಪಾಲಿನೊಳಕ್ಕೆ ನಾಲ್ಕು ಗಳುಗಳ ನಡುವೆ ಜಾರಿ ಇಳಿಯುವಂತೆ ಒಂದು ರಾಟೆ, ಹೊಸ ಹಗ್ಗ. ಆಚಾರ್ರ ಮೊಮ್ಮಗನ ಕೆಲಸ. ಹಗ್ಗಗಳ ಬಳಿ ಒಬ್ಬೊಬ್ಬ ಹಿರಿಯನನ್ನು ನಿಲ್ಲಿಸಿದ್ದರು. ಬೀದಿಯ ಕರೆಂಟು ತೆಗೆಸಿದ್ದರು.

ತೇರು ಅರ್ಧ ಬೀದಿ ಬರುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಪ್ಪಾಯಿತು. ತೆಂಗಿನ ಗರಿಗಳು ಒಮ್ಮೆ ಬೆನ್ನು ತಿರುಗಿಸಿದವು. ರಸೀತಿ ಪುಸ್ತಕ ಹಿಡಿದು ಬಂದಿದ್ದ ಅದೇ ಹುಡುಗ ಕೈಯೆತ್ತಿದ. ತೇರು ನಿಂತಿತು. ಕಳಶವನ್ನು ಹೊತ್ತ ಮೇಲಿನ ಪಾಲು ಮೆಲ್ಲಗೆ ಜಾರಿ ಒಳಗೆ ಕುಳಿತಿತು. “ಅಪಶಕುನ” ಎಂದು ಒಂದಿಬ್ಬರು ಗೊಣಗಿದರು. ಪಕ್ಕದೂರಿನವರು ನಕ್ಕರು.

ಗಾಳಿ ಬರಲಿಲ್ಲ. ನಾಲ್ಕು ಹನಿ ಉದುರಿ ಮೋಡ ಚೆದುರಿತು. ಅರ್ಧ ಗಂಟೆ ಕಾದು, ಹುಡುಗರು ರಾಟೆಯ ಹಗ್ಗ ಹಿಡಿದು ಕಳಶವನ್ನು ಮತ್ತೆ ಮೇಲಕ್ಕೆ ಎತ್ತಿದರು; ತೇರು ಸಾಗಿತು. ಮನೆಗೆ ಬಂದಾಗ ಅಂಗಳದಲ್ಲಿ ಏತದ ಆ ಎರಡು ಕಲ್ಲುಗಂಬಗಳು ಹಾಗೆಯೇ ಇದ್ದವು. ನಡುವಿನ ಕಂಬ ಹೋಗಿ ಎಷ್ಟೋ ವರ್ಷವಾಯಿತು. ಈಗ ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ.